ಕರಿಯ ಮೈಮುರಿಯುವುದನ್ನು ಬಿಟ್ಟಿದ್ದ

ನಮ್ಮ ನಾಯಿ ಕರಿಯ ಬೆಳಗ್ಗೆ ಎದ್ದ ಕೂಡಲೇ ಮುಂಗಾಲು ಚಾಚಿ, ಎದೆಯನ್ನು ನೆಲಕ್ಕೆ ತಾಗಿಸಿ ಉದ್ದಕ್ಕೆ ಮೈಮುರಿಯುತ್ತಿದ್ದ. ಆಮೇಲೆ ಹಿಂಗಾಲುಗಳನ್ನು ಒಂದೊಂದಾಗಿ ಹಿಂದಕ್ಕೆ ಎಳೆಯುತ್ತಿದ್ದ. ಅವನ ಒಂಬತ್ತನೇ ವರ್ಷದಲ್ಲಿ ಒಂದು ಬೆಳಗ್ಗೆ, ಆ ದೃಶ್ಯ ನೋಡಿ ಎಷ್ಟೋ ತಿಂಗಳಾಯಿತಲ್ಲ ಅನ್ನಿಸಿತು. ಯಾವಾಗ ನಿಂತಿತೋ ನನಗೆ ಗೊತ್ತೇ ಆಗಿರಲಿಲ್ಲ. ಕುಂಟುತ್ತಿರಲಿಲ್ಲ, ನರಳುತ್ತಿರಲಿಲ್ಲ, ಊಟ ಬಿಟ್ಟಿರಲಿಲ್ಲ. ವಯಸ್ಸಾಯಿತು ಎಂದು ನಾವೆಲ್ಲ ಸುಮ್ಮನಿದ್ದೆವು.

ಅವತ್ತೇ ಒಂದು ನೋಟ್‌ಬುಕ್ ಇಟ್ಟುಕೊಂಡೆ. ಹೊಸದಾಗಿ ಶುರುವಾದದ್ದನ್ನು ಎಲ್ಲರೂ ಗಮನಿಸುತ್ತಾರೆ, ಬಿಟ್ಟುಹೋದದ್ದು ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ಮೊದಲ ಪುಟದಲ್ಲಿ ಅವನು ಹಿಂದೆ ಮಾಡುತ್ತಿದ್ದ, ಈಗ ಮಾಡದ ಕೆಲಸಗಳನ್ನೇ ಬರೆದೆ. ಸೋಫಾ ಹತ್ತುವುದು. ಬಾಗಿಲ ಸದ್ದಿಗೆ ಎದ್ದು ಓಡಿಬರುವುದು. ತಲೆಯಿಂದ ಬಾಲದ ತುದಿಯವರೆಗೆ ಮೈ ಕೊಡವುವುದು. ಈಗ ಅದು ಭುಜಕ್ಕೇ ನಿಂತುಬಿಡುತ್ತಿತ್ತು.

ಹದಿನೈದು ದಿನ ನಾನು ಹೆಚ್ಚು ನೋಡಿದ್ದು ಅವನು ಏಳುವ ರೀತಿಯನ್ನು. ಆರಾಮವಾಗಿರುವ ನಾಯಿ ಹಿಂಗಾಲಿಂದ ಒತ್ತಿ ಒಮ್ಮೆಗೇ ಏಳುತ್ತದೆ. ಕರಿಯ ಮೊದಲು ಮುಂಗಾಲು ಊರಿ ಕುಳಿತು, ಒಂದು ಕ್ಷಣ ತಡೆದು, ಎದೆಯ ಬಲದಿಂದ ಹಿಂಭಾಗವನ್ನು ಎಳೆದುಕೊಳ್ಳುತ್ತಿದ್ದ. ಮೊದಲ ಹತ್ತು ಹನ್ನೆರಡು ಹೆಜ್ಜೆ ಬಿಗಿ, ಆಮೇಲೆ ಸಲೀಸು. ಈ ಸಲೀಸೇ ನಮ್ಮನ್ನು ಮೋಸಗೊಳಿಸಿದ್ದು. ಮಲಗಿ ಎದ್ದಾಗ ಬಿಗಿ, ನಡೆದಂತೆ ಸಡಿಲ: ಕೀಲಿನ ಸವೆತದ ಗುರುತೇ ಅದು.

ಮಲವಿಸರ್ಜನೆಯ ಭಂಗಿಯನ್ನೂ ನೋಡಿ, ಸಂಕೋಚ ಬೇಡ. ಪೂರ್ತಿ ಕುಕ್ಕರಿಸಲು ಸೊಂಟ, ಮಂಡಿ, ಹಿಮ್ಮಡಿ ಮೂರೂ ಮಡಚಬೇಕು. ಕರಿಯ ಅರ್ಧ ಕುಕ್ಕರಿಸಿ, ನಡೆಯುತ್ತಲೇ ಮುಗಿಸುತ್ತಿದ್ದ. ಮೂತ್ರಕ್ಕೆ ಯಾವಾಗಲೂ ಬಲಗಾಲನ್ನೇ ಎತ್ತುತ್ತಿದ್ದ. ಎಡಗಾಲು ಎತ್ತಿದರೆ ಭಾರವೆಲ್ಲ ಬಲಗಾಲಿನ ಮೇಲೆ ಬೀಳುತ್ತಿತ್ತಲ್ಲ.

ಉಗುರು ಇನ್ನೊಂದು ಸಾಕ್ಷಿ. ಬಲ ಹಿಂಗಾಲಿನ ನಡುವಿನ ಎರಡು ಉಗುರುಗಳು ಮೇಲ್ಭಾಗದಲ್ಲಿ ತೇಯ್ದಿದ್ದವು, ಅಂದರೆ ಪಾದ ಪೂರ್ತಿ ಎತ್ತದೆ ಎಳೆಯುತ್ತಿದ್ದ. ಎರಡೂ ತೊಡೆಗಳನ್ನು ಕೈಯಲ್ಲಿ ಹಿಡಿದು ನೋಡಿದರೆ ಬಲಗಡೆಯದು ತೆಳುವಾಗಿತ್ತು. ನಾಯಿಯ ಮೈಭಾರದಲ್ಲಿ ನೂರಕ್ಕೆ ಸುಮಾರು 60 ಪಾಲು ಹೊರುವುದು ಮುಂಗಾಲುಗಳೇ. ಹಿಂದೆ ನೋವಾದಾಗ ಇನ್ನಷ್ಟು ಭಾರ ಮುಂದಕ್ಕೆ ಸರಿಯುತ್ತದೆ, ಭುಜ ದಪ್ಪಗಾಗಿ ತೊಡೆ ಸೊರಗುತ್ತದೆ.

ವೈದ್ಯರ ಬಳಿ ಹೋಗುವ ಮುಂಚೆ ಫೋನಿನಲ್ಲಿ ವಿಡಿಯೋ ಮಾಡಿಕೊಂಡೆ: ಪಕ್ಕದಿಂದ, ಹಿಂದಿನಿಂದ, ನಿಧಾನಗತಿಯಲ್ಲಿ, ಮತ್ತು ನಿದ್ದೆಯಿಂದ ಏಳುವಾಗ. ಮಾಡಿದ್ದು ಒಳ್ಳೆಯದೇ ಆಯಿತು. ಹೊಸ ಜಾಗದ ಉದ್ವೇಗದಲ್ಲಿ ಅವನು ಅಲ್ಲಿ ಮರಿಯಂತೆ ನಡೆದುಬಿಟ್ಟ. ವೈದ್ಯರು ವಿಡಿಯೋ ನೋಡಿಯೇ ಸೊಂಟದ ಎಕ್ಸ್‌ರೇ ತೆಗೆಸಿದರು. ಎರಡೂ ಕಡೆ ಸವೆತ, ಬಲಗಡೆ ಹೆಚ್ಚು.

ರಕ್ತಪರೀಕ್ಷೆ ಮಾಡಿಸಿ ನೋವಿನ ಮಾತ್ರೆ ಕೊಟ್ಟರು. ಮನೆಯಲ್ಲಿರುವ ನಮ್ಮ ಮಾತ್ರೆಗಳನ್ನು ದಯವಿಟ್ಟು ನಾಯಿಗೆ ಕೊಡಬೇಡಿ. ಐಬುಪ್ರೊಫೆನ್, ಪ್ಯಾರಸಿಟಮಾಲ್ ಅವುಗಳ ಜೀವಕ್ಕೇ ಅಪಾಯ. ಉಳಿದದ್ದು ನನ್ನ ಕೆಲಸ. ಹಾಸಿಗೆಯಿಂದ ನೀರಿನ ಬಟ್ಟಲಿನವರೆಗೆ ಜಾರದ ಚಾಪೆ ಹಾಸಿದೆ. ಅಂಗಾಲಿನ ಸಂದಿಯ ಕೂದಲು ಕತ್ತರಿಸಿದೆ, ಉಗುರು ಗಿಡ್ಡ ಮಾಡಿದೆ. ಒಂದು ದೊಡ್ಡ ವಾಕಿಂಗ್ ಬದಲು ದಿನಕ್ಕೆ ಮೂರು ಚಿಕ್ಕವು. ಚೆಂಡು ಎಸೆಯುವುದನ್ನು ನಿಲ್ಲಿಸಿದೆ, ಗಕ್ಕನೆ ನಿಂತು ತಿರುಗುವಾಗ ಕೀಲಿಗೆ ಪೆಟ್ಟು. ಎಲ್ಲಕ್ಕಿಂತ ಕಷ್ಟವಾದದ್ದು ತೂಕ ಇಳಿಸುವುದು. ಊಟವನ್ನು ಅಳೆದು ಹಾಕಿ, ಕೈತುತ್ತು ನಿಲ್ಲಿಸಿ, ಐದು ತಿಂಗಳಲ್ಲಿ 34 ಕಿಲೋದಿಂದ 31ಕ್ಕೆ ತಂದೆ. ಅವನ ನೋಟ ತಡೆಯಲಾಗದೆ ಮನೆಯವರು ಎರಡು ಬಾರಿ ಸೋತರು. ಆದರೂ ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಇದೇ ಎಂದು ನನ್ನ ಅನಿಸಿಕೆ.

ಮೊದಲು ಮರಳಿದ್ದು ಮೈ ಕೊಡವುವುದು, ಮೂರನೇ ವಾರದಲ್ಲಿ, ಬಾಲದ ತುದಿಯವರೆಗೆ. ಸಂಜೆ ಬ್ರಷ್ ಮಾಡುವಾಗ ಸೊಂಟ ಮುಟ್ಟಿದರೆ ತಲೆ ತಿರುಗಿಸಿ ನನ್ನ ಕೈ ನೋಡುತ್ತಿದ್ದ, ಅದೂ ನಿಂತಿತು. ರಾತ್ರಿ ಜಾಗ ಬದಲಿಸುವುದು ಕಡಿಮೆಯಾಯಿತು. ಸೋಫಾ ಹತ್ತುವುದಿಲ್ಲ, ಹತ್ತಲು ನಾನೂ ಬಿಡುವುದಿಲ್ಲ.

ಮನೆಯಲ್ಲಿ ಎರಡು ವರ್ಷದ ಇನ್ನೊಂದು ಹೆಣ್ಣುನಾಯಿ ಇದೆ, ಚುರುಕು. ಅವಳು ಏಳುವುದು, ಮೆಟ್ಟಿಲು ಇಳಿಯುವುದು, ಮೈಮುರಿಯುವುದು, ಮೂರನ್ನೂ ಪ್ರತಿ ತಿಂಗಳ ಮೊದಲ ಭಾನುವಾರ ವಿಡಿಯೋ ಮಾಡಿ ಇಡುತ್ತಿದ್ದೇನೆ.