ಪಾಯ ತೆಗೆಯೋ ಮುಂಚೆ ಪಂಚಾಯಿತಿ ಲೈಸೆನ್ಸ್ ತಗೊಳ್ಳಿ

ನಮ್ಮ ಊರು, ನಮ್ಮ ಜಾಗ, ನಮ್ಮ ದುಡ್ಡು, ಮನೆ ಕಟ್ಟೋಕೆ ಯಾರನ್ನ ಯಾಕೆ ಕೇಳಬೇಕು ಅಂತ ಹಳ್ಳಿ ಕಡೆ ತುಂಬಾ ಜನ ಅಂದುಕೊಂಡಿರುತ್ತಾರೆ. ಕೇಳಲೇಬೇಕು. 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಪ್ರಕರಣದ ಪ್ರಕಾರ ಗ್ರಾಮ ಪಂಚಾಯಿತಿಯ ಲಿಖಿತ ಅನುಮತಿ ಇಲ್ಲದೆ ಹೊಸ ಕಟ್ಟಡ ಕಟ್ಟುವ ಹಾಗಿಲ್ಲ. ಹಳೇ ಮನೆಗೆ ಕೋಣೆ ಸೇರಿಸೋದು, ಕೆಡವಿ ಮತ್ತೆ ಕಟ್ಟೋದು ಎಲ್ಲಾ ಇದರೊಳಗೇ ಬರುತ್ತದೆ. ಕಾನೂನಿನ ಮಾತು ಬಿಡಿ, ನಾಳೆ ಗೃಹಸಾಲಕ್ಕೆ ಹೋದರೆ ಬ್ಯಾಂಕಿನವರು ಲೈಸೆನ್ಸ್ ಮತ್ತು ಮಂಜೂರಾದ ನಕ್ಷೆ ಕೇಳಿಯೇ ಕೇಳುತ್ತಾರೆ.

ಆದರೆ ಲೈಸೆನ್ಸ್ ಅರ್ಜಿ ಇದರಲ್ಲಿ ಸುಲಭದ ಭಾಗ. ಕಷ್ಟ ಇರೋದು ಅದಕ್ಕಿಂತ ಮುಂಚೆ, ಜಾಗದ ಕಾಗದದಲ್ಲಿ. ಅದಕ್ಕೇ ಇಂಜಿನಿಯರ್ ಹತ್ತಿರ ಹೋಗೋ ಮುಂಚೆ ನಿಮ್ಮ ಜಾಗ ಯಾವ ಬಗೆಯದ್ದು ಅಂತ ಮೊದಲು ತಿಳಿದುಕೊಳ್ಳಿ.

ಜಾಗ ಗ್ರಾಮಠಾಣಾ ಒಳಗೆ, ಅಂದರೆ ಹಳೇ ಊರಿನ ವಸತಿ ಗಡಿಯ ಒಳಗೆ ಇದ್ದರೆ ಅರ್ಧ ಕೆಲಸ ಕಡಿಮೆ, ಭೂ ಪರಿವರ್ತನೆ (ಕೃಷಿ ಭೂಮಿಯನ್ನ ಬೇರೆ ಬಳಕೆಗೆ ಬದಲಿಸೋ ಅನುಮತಿ) ಬೇಕಾಗಿಲ್ಲ. ಸರ್ವೆ ನಂಬರಿನ ಹೊಲದಲ್ಲಿ ಇದ್ದರೆ 1964ರ ಭೂ ಕಂದಾಯ ಕಾಯ್ದೆಯ 95ನೇ ಪ್ರಕರಣದಲ್ಲಿ ಪರಿವರ್ತನೆ ಆಗಿರಬೇಕು, ಆಮೇಲೆ ನಕ್ಷೆ ಅನುಮೋದನೆ ಆಗಿ ಪಂಚಾಯಿತಿ ಖಾತೆ ಆಗಬೇಕು. ರೈತ ತನ್ನ ಬೇಸಾಯಕ್ಕೆ ಅಂತ ಸ್ವಂತ ಜಮೀನಿನಲ್ಲಿ ತೋಟದ ಮನೆ ಕಟ್ಟಿಕೊಳ್ಳಲು ಇದೇ ಪ್ರಕರಣದಲ್ಲಿ ಅವಕಾಶ ಇದೆ. ಅದಕ್ಕೆ ಹಿಡುವಳಿಯ ಶೇಕಡಾ 10ರ ಮಿತಿ ಇದೆ. ಅದನ್ನೇ ನೆಪ ಮಾಡಿಕೊಂಡು ಹೋಂಸ್ಟೇ ಕಟ್ಟಬೇಡಿ, ಬಾಡಿಗೆ ಮನೆಗಳ ಸಾಲು ಎಬ್ಬಿಸಬೇಡಿ. ಆ ಜಾಗ ಪಹಣಿಯಲ್ಲಿ ಕೃಷಿ ಭೂಮಿಯಾಗಿಯೇ ಉಳಿದಿರುತ್ತದೆ. ನಾಳೆ ಸಾಲಕ್ಕೋ ಮಾರಾಟಕ್ಕೋ ಹೋದಾಗ ಅಲ್ಲೇ ತಡೆ ಬೀಳುತ್ತದೆ.

ಈಗ ಮುಖ್ಯವಾದ ಕಾಗದಕ್ಕೆ ಬರೋಣ: ನಮೂನೆ 9 ಮತ್ತು 11ಎ, ಅಂದರೆ ನಿಮ್ಮ ಜಾಗದ ಬಗ್ಗೆ ಪಂಚಾಯಿತಿ ಕೊಡೋ ಆಸ್ತಿ ಮತ್ತು ತೆರಿಗೆ ದಾಖಲೆ. ಕರಾವಳಿ ಕಡೆ ಇದನ್ನ ಸುಮ್ನೆ 'ನೈನ್ ಇಲೆವೆನ್' ಅನ್ನುತ್ತಾರೆ. 2013ರಲ್ಲಿ ಪಂಚಾಯಿತಿ ಆಸ್ತಿ ದಾಖಲೆಗಳ ಇ-ಸ್ವತ್ತು ತಂತ್ರಾಂಶ ಶುರುವಾದ ಮೇಲೆ ಇವು ಕಂಪ್ಯೂಟರಿನಿಂದ ಬರುತ್ತವೆ. ಮನೆಯ ಟ್ರಂಕಿನಲ್ಲಿರೋ ಕೈಬರಹದ ಖಾತಾ ನಕಲನ್ನ ನಂಬಿಕೊಂಡು ಕೂರಬೇಡಿ. ನಿಮಗೆ ಸಿಕ್ಕಿರೋದು 11ಬಿ ಆಗಿದ್ದರೆ ಅಲ್ಲೇ ನಿಲ್ಲಿ. 11ಬಿಯಲ್ಲಿ ತೆರಿಗೆ ಕಟ್ಟಿಸಿಕೊಳ್ಳುತ್ತಾರೆ, ಹಾಗಂತ ಜಾಗ ಕ್ರಮಬದ್ಧ ಆಗಿದೆ ಅಂತ ಅರ್ಥ ಅಲ್ಲ. ಸೈಟ್ ಮಾರೋರು ಎರಡೂ ಒಂದೇ ಅಂತ ಹೇಳುತ್ತಾರೆ, ಕೇಳಬೇಡಿ. ಲೈಸೆನ್ಸ್ ಸಿಗುತ್ತದೋ ಇಲ್ಲವೋ ಅಂತ ಅಡ್ವಾನ್ಸ್ ಕೊಡೋ ಮುಂಚೆ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಹತ್ತಿರವೇ ಕೇಳಿ.

ಖಾತೆ ಯಾರ ಹೆಸರಲ್ಲಿದೆ ನೋಡಿ. ಹಳ್ಳಿಯಲ್ಲಿ ಅರ್ಧಕ್ಕರ್ಧ ತಕರಾರು ಶುರುವಾಗೋದೇ ಇಲ್ಲಿ. ಅಜ್ಜ ತೀರಿಕೊಂಡು ಎಷ್ಟೋ ವರ್ಷ ಆಗಿರುತ್ತದೆ, ಖಾತೆ ಇನ್ನೂ ಅಜ್ಜನ ಹೆಸರಲ್ಲೇ ಇರುತ್ತದೆ, ಕಂದಾಯ ಮಾತ್ರ ಅಪ್ಪ ಕಟ್ಟಿಕೊಂಡು ಬಂದಿರುತ್ತಾರೆ. ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಉಳಿದ ಹಕ್ಕುದಾರರ ಒಪ್ಪಿಗೆ ಅಥವಾ ನೋಂದಣಿಯಾದ ವಿಭಾಗಪತ್ರ, ಇಷ್ಟನ್ನ ಇಟ್ಟುಕೊಂಡು ಮೊದಲು ಖಾತೆ ಬದಲಾಯಿಸಿಕೊಳ್ಳಿ. ಅತ್ತೆಯಂದಿರು, ಅಕ್ಕತಂಗಿಯರು ದೂರದಲ್ಲಿ ಇದ್ದಾರೆ, ಅವರೇನು ಕೇಳಲ್ಲ ಅಂತ ಬಿಡಬೇಡಿ. ಹೋಗಿ ಕೂತು ಮಾತಾಡಿ, ಅವರಿಗೆ ಸೇರಬೇಕಾದ್ದು ಇದ್ದರೆ ಕೊಟ್ಟು, ಒಪ್ಪಿಗೆ ತಗೊಂಡು ಸಹಿ ಮಾಡಿಸಿ. ಅದು ನ್ಯಾಯವೂ ಹೌದು, ಮುಂದೆ ಗೋಡೆ ಎದ್ದ ಮೇಲೆ ಕೋರ್ಟಿನಿಂದ ತಡೆಯಾಜ್ಞೆ ಬರೋದೂ ತಪ್ಪುತ್ತದೆ.

ಇನ್ನು ಅಳತೆ. ಇದನ್ನ ನಾನು ಪೆಟ್ಟು ತಿಂದು ಕಲಿತಿದ್ದು. ನಮ್ಮ ಹಳೇ ಮನೆ ಜಾಗ ನಮೂನೆ 9ರಲ್ಲಿ ಪೂರ್ವ ಪಶ್ಚಿಮ 30 ಅಡಿ ಅಂತ ಇತ್ತು, ನಾವು ಅಷ್ಟಕ್ಕೇ ಪ್ಲಾನ್ ಮಾಡಿಸಿ ಗುದ್ದಲಿ ಪೂಜೆಯನ್ನೂ ಮುಗಿಸಿದ್ದೆವು. ಸ್ಥಳ ಪರಿಶೀಲನೆಗೆ ಬಂದವರು ಟೇಪ್ ಹಿಡಿದರೆ ಇದ್ದದ್ದು 27 ಅಡಿ. ಪಕ್ಕದವರ ದನದ ಕೊಟ್ಟಿಗೆ ಯಾವ ಕಾಲದಲ್ಲೋ ಮೂರು ಅಡಿ ಒಳಗೆ ಬಂದಿತ್ತು. ಚಕ್ಕುಬಂದಿಯಲ್ಲಿ, ಅಂದರೆ ಜಾಗದ ನಾಲ್ಕೂ ದಿಕ್ಕಿನ ಗಡಿ ವಿವರದಲ್ಲಿ, ದಕ್ಷಿಣಕ್ಕೆ ಯಾರ ಮನೆ ಅಂತ ಬರೆದಿತ್ತೋ ಆ ಮನೆ ಕೈ ಬದಲಾಗಿ ವರ್ಷಗಳೇ ಆಗಿದ್ದವು. ಸರ್ವೆ, ತಿದ್ದುಪಡಿ, ಪಕ್ಕದವರ ಜೊತೆ ಮಾತುಕತೆ ಅಂತ ನಾಲ್ಕು ತಿಂಗಳು ಹೋಯಿತು, ಇಳಿಸಿದ್ದ ಸಿಮೆಂಟ್ ಮೂಟೆಯಲ್ಲೇ ಗಟ್ಟಿಯಾಯಿತು. ಅದಕ್ಕೇ ಹೇಳ್ತೀನಿ, ಮೊದಲು ನೀವೇ ಒಂದು ಟೇಪ್ ತಗೊಂಡು ನಾಲ್ಕೂ ಬದಿ ಅಳೆಯಿರಿ, ಚಕ್ಕುಬಂದಿಯ ನಾಲ್ಕು ಹೆಸರನ್ನೂ ತಾಳೆ ನೋಡಿ, ವ್ಯತ್ಯಾಸ ಇದ್ದರೆ ಅದನ್ನ ಸರಿಮಾಡಿಸಿಕೊಂಡೇ ಮುಂದಿನ ಹೆಜ್ಜೆ ಇಡಿ.

ಇಷ್ಟಾದ ಮೇಲೆ ಅರ್ಜಿ. ಪಂಚಾಯಿತಿ ಕಚೇರಿಯ ಬಾಪೂಜಿ ಸೇವಾ ಕೇಂದ್ರದಲ್ಲಿ ಕೊಡಬಹುದು. ಸಾಮಾನ್ಯವಾಗಿ ಕೇಳೋದು ನಮೂನೆ 9 ಮತ್ತು 11ಎ, ಕ್ರಯಪತ್ರ ಅಥವಾ ವಿಭಾಗಪತ್ರದ ನಕಲು, ಈ ಸಾಲಿನ ಕಂದಾಯ ಕಟ್ಟಿದ ರಸೀದಿ, ಋಣಭಾರ ಪತ್ರ (ಇಸಿ), ಆಧಾರ್, ಮತ್ತು ಇಂಜಿನಿಯರ್ ಸಹಿ ಇರೋ ನಕ್ಷೆಯ ಪ್ರತಿಗಳು. ಹಳೇ ಕಂದಾಯ ಬಾಕಿ ಇದ್ದರೆ ಮೊದಲು ಅದನ್ನ ತೀರಿಸಿ, ಇಲ್ಲಾಂದ್ರೆ ಫೈಲ್ ಮುಂದೆ ಹೋಗಲ್ಲ. ಜಾಗ ಹೆದ್ದಾರಿ ಪಕ್ಕ, ಕೆರೆ ಅಂಚಿನಲ್ಲಿ, ಕಾಡಿನ ಗಡಿಯಲ್ಲಿ, ಸಮುದ್ರದ ದಂಡೆಯಲ್ಲಿ ಅಥವಾ ಹೈಟೆನ್ಷನ್ ತಂತಿ ಕೆಳಗೆ ಇದ್ದರೆ ಆಯಾ ಇಲಾಖೆಯ ಅನುಮತಿಯೂ ಬೇಕಾಗುತ್ತದೆ, ಅದಕ್ಕೆ ಜಾಸ್ತಿ ಸಮಯ ಹಿಡಿಯುತ್ತದೆ.

ನಕ್ಷೆಯ ಬಗ್ಗೆ ಒಂದು ಮಾತು. ಮೇಸ್ತ್ರಿ ಕಾಗದದ ಮೇಲೆ ಗೀಚಿ ಕೊಟ್ಟದ್ದು ಸಾಲದು. ಸುತ್ತ ಬಿಡಬೇಕಾದ ಜಾಗ, ಬಾವಿ ಅಥವಾ ಬೋರ್‌ವೆಲ್, ಶೌಚಾಲಯದ ಗುಂಡಿ, ಬಚ್ಚಲ ನೀರಿನ ಇಂಗುಗುಂಡಿ ಎಲ್ಲಾ ಅದರಲ್ಲಿ ಕಾಣಬೇಕು. ಗುಂಡಿಯನ್ನ ನಿಮ್ಮ ಬಾವಿಯಿಂದ ಮಾತ್ರ ಅಲ್ಲ, ಪಕ್ಕದವರ ಬಾವಿಯಿಂದಲೂ ದೂರ ಇಡಿಸಿ. ಸಜ್ಜಾ ಎಲ್ಲಿವರೆಗೆ ಚಾಚುತ್ತದೆ, ಸೂರಿನ ನೀರು ಯಾರ ಜಾಗಕ್ಕೆ ಬೀಳುತ್ತದೆ ಅಂತ ಇಂಜಿನಿಯರ್ ಹತ್ತಿರ ಕೇಳಿ. ಅಕ್ಕಪಕ್ಕದವರು ಪಂಚಾಯಿತಿಗೆ ತಕರಾರು ಅರ್ಜಿ ಕೊಡೋದು ಜಾಸ್ತಿ ಇಂಥ ವಿಷಯಕ್ಕೇ.

ಅರ್ಜಿ ಕೊಟ್ಟ ದಿನವೇ ಸ್ವೀಕೃತಿ ತಗೊಳ್ಳಿ. ಬಾಯಿಮಾತಿನ 'ಆಯ್ತು ಬಿಡಿ, ಮಾಡಿಕೊಡ್ತೀವಿ'ಯನ್ನ ಲೆಕ್ಕಕ್ಕೆ ಇಡಬೇಡಿ. ಅರ್ಜಿ ತಲುಪಿದ 60 ದಿನದೊಳಗೆ ಪಂಚಾಯಿತಿ ತೀರ್ಮಾನ ತಿಳಿಸದಿದ್ದರೆ ಅನುಮತಿ ಸಿಕ್ಕಿದೆ ಅಂತಲೇ ಭಾವಿಸಬಹುದು ಅಂತ ಅದೇ 64ನೇ ಪ್ರಕರಣ ಹೇಳುತ್ತದೆ. ಆದರೆ ನಿಯಮ ಮೀರಿ ಕಟ್ಟುವ ಹಾಗಿಲ್ಲ. ಸ್ವೀಕೃತಿ ಇಲ್ಲದಿದ್ದರೆ ಆ 60 ದಿನ ಎಲ್ಲಿಂದ ಎಣಿಸುತ್ತೀರಿ, ಅಲ್ವಾ? ನನ್ನ ಅಭಿಪ್ರಾಯದಲ್ಲಿ ಇದನ್ನ ನಂಬಿ ಪಾಯ ತೆಗೆಯೋದಕ್ಕಿಂತ ಇದನ್ನ ತೋರಿಸಿ ಲೈಸೆನ್ಸ್ ಬೇಗ ಕೇಳೋದು ಒಳ್ಳೇದು, ಯಾಕೆಂದರೆ ಸಾಲ ಕೊಡೋರಿಗೆ ಕೈಯಲ್ಲಿ ಕಾಗದ ಬೇಕು.

ಆಗಲ್ಲ ಅಂದರೆ ಜಗಳ ಆಡಬೇಡಿ, ಯಾಕೆ ಆಗಲ್ಲ ಅಂತ ಹಿಂಬರಹ (ಲಿಖಿತ ಉತ್ತರ) ಕೊಡಿ ಅಂತ ಕೇಳಿ. ಹಿಂಬರಹ ಕೈಯಲ್ಲಿದ್ದರೆ ಏನು ಸರಿಮಾಡಬೇಕು ಅಂತ ಗೊತ್ತಾಗುತ್ತದೆ, ತಾಲ್ಲೂಕು ಪಂಚಾಯಿತಿ ಇಒ (ಕಾರ್ಯನಿರ್ವಾಹಕ ಅಧಿಕಾರಿ) ಹತ್ತಿರ ಹೋಗೋಕೂ ಆಧಾರ ಸಿಗುತ್ತದೆ. ಫೈಲ್ ಎಲ್ಲಿ ನಿಂತಿದೆ ಅಂತಲೇ ತಿಳಿಯದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, 30 ದಿನದಲ್ಲಿ ಉತ್ತರ ಕೊಡಬೇಕು. ಶುಲ್ಕ ಏನೇ ಕಟ್ಟಿದರೂ ರಸೀದಿ ಇರಲಿ. ರಸೀದಿ ಇಲ್ಲದ ದುಡ್ಡು ಶುಲ್ಕ ಅಲ್ಲ, ಅದನ್ನ ಕೊಡಬೇಡಿ.

ಲೈಸೆನ್ಸ್ ಬಂದ ಮೇಲೆ ಅದರಲ್ಲಿ ಬರೆದಿರೋ ಷರತ್ತು, ಅವಧಿ ಪೂರ್ತಿ ಓದಿ. ಅವಧಿಯೊಳಗೆ ಕೆಲಸ ಮುಗಿಯಲ್ಲ ಅನ್ನಿಸಿದರೆ ಮುಗಿಯೋ ಮುಂಚೆಯೇ ನವೀಕರಣಕ್ಕೆ ಕೊಡಿ. ಕೆಲಸದ ಮಧ್ಯೆ ಮೇಲೊಂದು ಮಹಡಿ ಹಾಕೋಣ ಅನ್ನಿಸಿದರೆ ಪರಿಷ್ಕೃತ ನಕ್ಷೆ ಕೊಟ್ಟು ಮತ್ತೆ ಅನುಮತಿ ತಗೊಳ್ಳಿ. ತಾತ್ಕಾಲಿಕ ಕರೆಂಟಿಗೆ ನಿಮ್ಮ ಎಸ್ಕಾಂನ (ವಿದ್ಯುತ್ ಸರಬರಾಜು ಕಂಪನಿಯ) ಸೆಕ್ಷನ್ ಆಫೀಸಿನಲ್ಲಿ ಏನೇನು ಬೇಕು ಅಂತ ಪಾಯದ ಮುಂಚೆಯೇ ವಿಚಾರಿಸಿ. ಮನೆ ಮುಗಿದ ಮೇಲೆ ಪಂಚಾಯಿತಿಗೆ ತಿಳಿಸಿದರೆ ಖಾಲಿ ಜಾಗ ಅಂತ ಇದ್ದ ದಾಖಲೆ ಮನೆ ಅಂತ ಬದಲಾಗಿ ತೆರಿಗೆ ಹೊಸದಾಗಿ ನಿಗದಿಯಾಗುತ್ತದೆ. ನಲ್ಲಿ ಸಂಪರ್ಕದ ಅರ್ಜಿಯನ್ನೂ ಅದೇ ದಿನ ಕೊಟ್ಟು ಬನ್ನಿ.