ಸೋತ ಆಟವನ್ನು ಮನೆಗೆ ತಂದು ಪರಿಶೀಲಿಸುವ ಬಗೆ

ಮಡಿಕೇರಿಯಲ್ಲಿಯೋ ವಿರಾಜಪೇಟೆಯಲ್ಲಿಯೋ ನಡೆಯುವ ಚದುರಂಗ ಪಂದ್ಯಾವಳಿಗೆ ಹೋಗಿ ಬರುವ ಹವ್ಯಾಸಿಗಳಾದ ನಮಗೆ ಸೋತ ನೋವು ವಾರಗಟ್ಟಲೆ ಉಳಿಯುತ್ತದೆ. ಆದರೆ ಆ ಆಟವನ್ನು ಮತ್ತೆ ಮಣೆಯ ಮೇಲೆ ಆಡಿ ನೋಡುವವರು ವಿರಳ.

ಪರಿಶೀಲನೆಯ ಸಿದ್ಧತೆ ಆಟದ ನಡುವೆಯೇ ಆಗಬೇಕು. ನಡೆಗಳನ್ನು ಬರೆದಿಡುವ ಹಾಳೆಯಾದ ಸ್ಕೋರ್‌ಶೀಟ್‌ನಲ್ಲಿ ಪ್ರತಿ ನಡೆಯ ಪಕ್ಕದಲ್ಲಿ ಗಡಿಯಾರದಲ್ಲಿ ಉಳಿದ ನಿಮಿಷಗಳನ್ನೂ ಬರೆದುಕೊಳ್ಳಿ. ಅಂತರರಾಷ್ಟ್ರೀಯ ಚದುರಂಗ ಒಕ್ಕೂಟವಾದ ಫಿಡೆಯ ನಿಯಮ ಇದಕ್ಕೆ ಅವಕಾಶ ಕೊಡುತ್ತದೆ. ಆಟದ ಯೋಚನೆಗೆ ನೆರವಾಗುವ ಟಿಪ್ಪಣಿಗಳಿಗೆ ಕೊಡುವುದಿಲ್ಲ. ನಡೆಯನ್ನು ಆಡಿದ ಮೇಲೆ ಬರೆಯಬೇಕೇ ಹೊರತು ಮೊದಲೇ ಬರೆದಿಟ್ಟುಕೊಳ್ಳಬಾರದು.

ಆಟ ಮುಗಿದೊಡನೆ ಎದುರಾಳಿಯೊಂದಿಗೆ ಸಭಾಂಗಣದ ಹೊರಗೆ ಕುಳಿತು, ಅವರು ಯಾವ ನಡೆಗೆ ಹೆದರಿದ್ದರೆಂದು ಕೇಳಿ. ಇಬ್ಬರೂ ಒಂದೇ ಕ್ಲಬ್ಬಿನವರಾದರೆ ಈ ಮಾತುಕತೆಗೆ ಸಂಕೋಚವಿರುವುದಿಲ್ಲ.

ಮನೆಯಲ್ಲಿ ಎಂಜಿನ್ನನ್ನು, ಅಂದರೆ ಉತ್ತಮ ನಡೆಯನ್ನು ಲೆಕ್ಕಹಾಕಿ ತೋರಿಸುವ ಕಂಪ್ಯೂಟರ್ ತಂತ್ರಾಂಶವನ್ನು, ಮೊದಲೇ ತೆರೆಯಬೇಡಿ. ಕಕ್ಕಡ ತಿಂಗಳ ಮಳೆಗೆ ವಿದ್ಯುತ್ ಹೋದ ಒಂದು ಸಂಜೆ, ನಮ್ಮ ಕ್ಲಬ್ಬಿನ ಗೆಳೆಯರೊಬ್ಬರಿಗೆ ಕಪ್ಪು ಕಾಯಿಗಳಲ್ಲಿ ಸೋತಿದ್ದ ಆಟವನ್ನು ನಾನು ದೀಪದ ಬೆಳಕಿನಲ್ಲಿ ಮರಳಿ ಆಡಿದೆ. ನಡೆಗಳು ಹೀಗಿದ್ದವು (ಅಕ್ಷರ ಮತ್ತು ಅಂಕಿ ಕಾಯಿ ಹೋಗುವ ಮನೆಯ ಗುರುತು, ಕಾಯಿಯ ಹೆಸರಿಲ್ಲದಿದ್ದರೆ ಕಾಲಾಳು; ಪ್ರತಿ ಜೋಡಿಯಲ್ಲಿ ಮೊದಲಿನದು ಬಿಳಿಯ ನಡೆ): ಇ4 ಇ5, ಕುದುರೆ ಎಫ್3 ಕುದುರೆ ಸಿ6, ಒಂಟೆ ಸಿ4 ಕುದುರೆ ಎಫ್6, ಕುದುರೆ ಜಿ5 ಡಿ5. ಅವರ ಕಾಲಾಳು ಡಿ5ರಲ್ಲಿ ಹೊಡೆದಾಗ ನಾನು ಕುದುರೆಯಿಂದ ಮರಳಿ ಹೊಡೆದೆ. ಅವರು ಎಫ್7ರಲ್ಲಿ ಕುದುರೆಯನ್ನು ಬಲಿಕೊಟ್ಟು ನನ್ನ ರಾಜನನ್ನು ಹೊರಗೆಳೆದರು; ರಾಣಿ ಎಫ್3ಕ್ಕೆ ಬಂದು ಶಹ ಕೊಟ್ಟಾಗ, ಡಿ5ರ ಕುದುರೆಯನ್ನು ಉಳಿಸಿಕೊಳ್ಳಲು ರಾಜನು ಇ6ಕ್ಕೆ, ಮಣೆಯ ನಟ್ಟನಡುವಿಗೆ, ಹೋಗಬೇಕಾಯಿತು.

ಸ್ಕೋರ್‌ಶೀಟ್‌ನಲ್ಲಿ ಬರೆದಿದ್ದ ಸಮಯವನ್ನು ನೋಡಿದಾಗ ನಿಜವಾದ ದೋಷ ಕಂಡಿತು: ಕುದುರೆಯಿಂದ ಮರಳಿ ಹೊಡೆದು ತಪ್ಪು ಮಾಡಿದ 5ನೆಯ ನಡೆಗೆ ಅರ್ಧ ನಿಮಿಷ, ರಾಜನು ಸಿಕ್ಕಿಬಿದ್ದ ಮೇಲಿನ 8ನೆಯ ನಡೆಗೆ 22 ನಿಮಿಷ ಕೊಟ್ಟಿದ್ದೆ. ಆದ್ದರಿಂದ ಆಟದಲ್ಲಿ ಮೊದಲ ಸಲ ಕಾಯಿಗಳು ಮುಖಾಮುಖಿಯಾಗಿ ಹೊಡೆತಕ್ಕೆ ನಿಂತ ನಡೆಯನ್ನು ಗುರುತಿಸಿ, ಅಲ್ಲಿ ನೀವು ಎಷ್ಟು ಹೊತ್ತು ಯೋಚಿಸಿದ್ದಿರೆಂದು ಮೊದಲು ನೋಡಿ.

ಬಳಿಕ ಆ ಸ್ಥಾನದಲ್ಲಿ ಬೇರೆ ಎರಡು ನಡೆಗಳನ್ನು ನೀವೇ ಹುಡುಕಿ ಬರೆಯಿರಿ. ನನ್ನ ಆಟದಲ್ಲಿ ಸಿ6ರ ಕುದುರೆಯನ್ನು ಎ5ಕ್ಕೆ ನಡೆಸಿ ಸಿ4ರ ಒಂಟೆಯ ಮೇಲೆ ದಾಳಿ ಮಾಡಬೇಕಿತ್ತು. ಒಂದು ಕಾಲಾಳು ಹೋದರೂ ಉಳಿದ ಕಾಯಿಗಳು ಬೇಗ ಹೊರಬರುತ್ತಿದ್ದವು. ನಿಮ್ಮ ಉತ್ತರ ಕಾಗದದ ಮೇಲಿದ್ದ ನಂತರವೇ ಎಂಜಿನ್ ತೆರೆದು ಹೋಲಿಸಿ.