ಮೀಟಿಂಗ್‌ನಲ್ಲಿ ಎಲ್ಲರೂ ಸುಮ್ನೆ ತಲೆ ಆಡಿಸಿದರೆ ಏನು ಮಾಡಬೇಕು?

ಟೀಮ್ ಲೀಡ್ ಆಗಿರುವವರಿಗೆ ಇದನ್ನು ಬರೆಯುತ್ತಿದ್ದೇನೆ.

"ಶುಕ್ರವಾರದೊಳಗೆ ಮುಗಿಯುತ್ತಾ?" ಅಂತ ನೀವು ಕೇಳುತ್ತೀರಿ. ಎಲ್ಲರೂ ತಲೆ ಆಡಿಸುತ್ತಾರೆ. ಆಮೇಲೆ ಕಾಫಿಗೆ ಹೋದಾಗ "ಆಗೋ ಮಾತಾ ಇದು?" ಅಂತ ಮಾತಾಡಿಕೊಳ್ಳುತ್ತಾರೆ. ಅದಕ್ಕೇ ಇವರಿಗೆ ನಿಯತ್ತಿಲ್ಲ ಅಂತ ತೀರ್ಮಾನ ಮಾಡಬೇಡಿ. ಗುಂಪಿನಲ್ಲಿ ಕೂತಾಗ ಮನುಷ್ಯರು ಹೀಗೇ.

ಅಮೆರಿಕದ ಮನಶ್ಶಾಸ್ತ್ರಜ್ಞ ಸಾಲೊಮನ್ ಆಶ್ 1951ರಲ್ಲಿ ಒಂದು ಪ್ರಯೋಗದ ವಿವರ ಪ್ರಕಟಿಸಿದರು. ಮೂರು ಗೆರೆಗಳಲ್ಲಿ ಯಾವುದು ಪಕ್ಕದ ಗೆರೆಯಷ್ಟೇ ಉದ್ದ ಅಂತ ಹೇಳಬೇಕು, ಅಷ್ಟೇ. ಆದರೆ ಪರೀಕ್ಷೆಗೆ ಕೂತ ಒಬ್ಬರನ್ನು ಬಿಟ್ಟು ಕೋಣೆಯಲ್ಲಿದ್ದ ಉಳಿದವರೆಲ್ಲ ಮೊದಲೇ ಮಾತಾಡಿಕೊಂಡು ಬೇಕಂತಲೇ ತಪ್ಪು ಉತ್ತರ ಕೊಡುತ್ತಿದ್ದರು, ಅದನ್ನು ಕೇಳಿ, ಹೀಗೆ ಪರೀಕ್ಷೆಗೆ ಕೂತವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಒಮ್ಮೆಯಾದರೂ ತಪ್ಪಿಗೇ ಹೂಂ ಅಂದರು. ಅಲ್ಲಿ ಬಾಸ್ ಇರಲಿಲ್ಲ, ಅಪ್ರೈಸಲ್ ಇರಲಿಲ್ಲ. ನಿಮ್ಮ ಮೀಟಿಂಗ್‌ನಲ್ಲಿ ಎರಡೂ ಇವೆ ಅಲ್ವಾ?

ದಾರಿಯೂ ಅದೇ ಪ್ರಯೋಗದಲ್ಲಿದೆ. ಉತ್ತರ ಬರೆದು ಕೊಡಿ ಅಂದಾಗ ಜನ ಗುಂಪಿನ ಹಿಂದೆ ಹೋಗುವುದು ತುಂಬಾ ಕಮ್ಮಿಯಾಯಿತು. ಉಳಿದವರಲ್ಲಿ ಒಬ್ಬರೇ ಒಬ್ಬರು ಸರಿ ಉತ್ತರ ಹೇಳಿದಾಗಲೂ ಹಾಗೇ ಆಯಿತು.

ಹಾಗಾಗಿ ಮೊದಲು ಬರೆಸಿ. "ಆಗುತ್ತಾ" ಅಂತ ಕೇಳಬೇಡಿ. "ತಡವಾದರೆ ಯಾವ ಕಾರಣಕ್ಕೆ ಆಗಬಹುದು" ಅಂತ ಕೇಳಿ ಎರಡು ನಿಮಿಷ ಸುಮ್ನಿರಿ. ಆನ್‌ಲೈನ್ ಕಾಲ್ ಆದರೆ ಎಲ್ಲರೂ ಟೈಪ್ ಮಾಡಿಟ್ಟುಕೊಂಡು ನೀವು ಹೇಳಿದಾಗ ಒಟ್ಟಿಗೇ ಕಳಿಸಲಿ. ನಿಮ್ಮ ಅಭಿಪ್ರಾಯ ಕೊನೆಗೆ. ಎಲ್ಲಕ್ಕಿಂತ ಮುಖ್ಯ ಇದೇ ಅಂತೀನಿ, ಯಾಕಂದರೆ ದೊಡ್ಡವರಿಗೆ ಎದುರು ಮಾತಾಡಬಾರದು ಅಂತ ಕೇಳಿ ಬೆಳೆದವರು ನಾವು, ಲೀಡ್ ಒಮ್ಮೆ "ಆಗುತ್ತೆ ಬಿಡಿ" ಅಂದಮೇಲೆ ಹೊಸದಾಗಿ ಸೇರಿದ ಹುಡುಗಿ ಬಾಯಿ ಬಿಡುವುದು ಕನಸಿನ ಮಾತು.

ಯಾರಾದರೂ "ಆಗಲ್ಲ ಸರ್" ಅಂದಾಗ ಉಳಿದವರೆಲ್ಲ ನಿಮ್ಮ ಮುಖ ನೋಡುತ್ತಿರುತ್ತಾರೆ. "ನೆಗೆಟಿವ್ ಆಗಿ ಯೋಚಿಸಬೇಡಿ" ಅಂದಿರೋ, ಮುಗಿಯಿತು. "ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ ಹೇಳಿ" ಅಂತ ಕೇಳಿ, ಬರೆದುಕೊಳ್ಳಿ. ಆ ಮಾತಿನಿಂದ ದಿನಾಂಕವೋ ಕೆಲಸದ ಹಂಚಿಕೆಯೋ ಏನಾದರೂ ಒಂದು ಬದಲಾಗಲಿ. ಬದಲಾಯಿಸಲು ಆಗದಿದ್ದರೆ ಯಾಕೆ ಅಂತ ಅಲ್ಲೇ ಹೇಳಿ.

ಶುರುವಿನಲ್ಲಿ ತಪ್ಪು, ತಡ, ತಕರಾರು ಎಲ್ಲ ಜಾಸ್ತಿಯಾದ ಹಾಗೆ ಕಾಣುತ್ತೆ. ಗಾಬರಿ ಬೇಡ. 1990ರ ದಶಕದಲ್ಲಿ ಅಮೆರಿಕದ ಸಂಶೋಧಕಿ ಏಮಿ ಎಡ್ಮಂಡ್ಸನ್ ಆಸ್ಪತ್ರೆಯ ತಂಡಗಳನ್ನು ಅಧ್ಯಯನ ಮಾಡಿದಾಗ, ಚೆನ್ನಾಗಿ ಕೆಲಸ ಮಾಡುವ ತಂಡಗಳಲ್ಲೇ ಔಷಧಿ ಕೊಡುವಾಗಿನ ತಪ್ಪುಗಳು ಜಾಸ್ತಿ ದಾಖಲಾಗಿದ್ದವು. ಆ ತಂಡದವರು ತಪ್ಪನ್ನು ಮುಚ್ಚಿಡದೆ ಹೇಳುತ್ತಿದ್ದರು ಅನ್ನುವುದೇ ಅವರು ಕಂಡುಕೊಂಡ ಕಾರಣ. ನಿಮ್ಮಲ್ಲೂ ಜನ ಹೇಳಲು ಶುರು ಮಾಡಿದರೆ, ಆ ಲೆಕ್ಕವನ್ನು ಮಾತ್ರ ಅಪ್ರೈಸಲ್‌ಗೆ ಎಳೆದು ತರಬೇಡಿ.